ಅಲುಗಿದ ಕೈ: ಕಾಫಿ ತೋಟದ ಗಾಜಿನ ನೆಗೆಟಿವ್‌ಗಳ ರಿಪೇರಿ ದಿನಚರಿ

"ಬಿಸಾಡಬೇಡಿ. ನಾನು ಬರುವ ತನಕ ಯಾರೂ ಮುಟ್ಟಲೂಬೇಡಿ" ಅಂತ ಫೋನಿನಲ್ಲೇ ಹೇಳಿದೆ.

ಕೊಡಗಿನ ಸಿದ್ದಾಪುರದ ಹತ್ತಿರ ಗೆಳೆಯನ ಮನೆಯವರದು ಹಳೆಯ ಕಾಫಿ ತೋಟ. ಅವನ ಅಜ್ಜ ಅದನ್ನು ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡಿದ್ದರು. ಬಂಗಲೆಯ ಹೆಂಚು ಇಳಿಸುವಾಗ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತ್ತು. ಒಳಗೆ ಬರೀ ಕಪ್ಪು ಗಾಜು. ನಾನು ಕುಶಾಲನಗರದಲ್ಲಿ ಸ್ಟುಡಿಯೋ ಇಟ್ಟವನು. ಫಿಲ್ಮಿನ ಕಾಲ ನೋಡಿದ್ದೇನೆ, ಗಾಜಿನ ನೆಗೆಟಿವ್ ಮಾತ್ರ ಕೈಯಲ್ಲಿ ಹಿಡಿದಿರಲಿಲ್ಲ. ಮಾರನೇ ದಿನವೇ ಹೋದೆ. ಅಲ್ಲಿಂದ ಮೇ ತಿಂಗಳವರೆಗೆ ನನ್ನ ಭಾನುವಾರಗಳೆಲ್ಲ ಈ ಪೆಟ್ಟಿಗೆಗೇ ಹೋದವು. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದ್ದೇ ಪೆಟ್ಟಿಗೆ ಇನ್ನೆಷ್ಟು ಅಟ್ಟಗಳ ಮೇಲಿದೆಯೋ.

ಜನವರಿ, ಮೊದಲ ಭಾನುವಾರ

ಪೆಟ್ಟಿಗೆಯ ಒಳಗೋಡೆಗೆ ಗೀರು ಕೊರೆದು, ಒಂದೊಂದು ಪ್ಲೇಟು ಬೇರೆಬೇರೆಯಾಗಿ ನಿಲ್ಲುವ ಹಾಗೆ ಮಾಡಿದ್ದಾರೆ. ಅದಕ್ಕೇ ಇಷ್ಟಾದರೂ ಉಳಿದಿವೆ. ಒಟ್ಟು 31 ಪ್ಲೇಟು. 27 ಇಡಿಯಾಗಿವೆ, 4 ಒಡೆದಿವೆ. ಎಲ್ಲವೂ ಹಾಫ್ ಪ್ಲೇಟ್ ಸೈಜು. ಅಂದರೆ ನಾಲ್ಕೂಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. ಒಂದು ಮುಖ ಹೊಳೆಯುತ್ತದೆ, ಅದು ಬರೀ ಗಾಜು. ಇನ್ನೊಂದು ಮುಖ ಮಂಕು. ಚಿತ್ರ ಇರುವುದು ಅಲ್ಲಿ. ಮಂಕು ಮುಖವನ್ನು ಬೆರಳಿನಿಂದ ಮುಟ್ಟಲೇಬಾರದು. ಅಂಚು ಮಾತ್ರ ಹಿಡಿಯಬೇಕು. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಂಡೆ. ಬಟ್ಟೆಯ ಗ್ಲೌಸ್‌ನಲ್ಲಿ ಗಾಜು ಜಾರುತ್ತದೆ.

ಇವು ಡ್ರೈ ಪ್ಲೇಟುಗಳು. ಜೆಲಟಿನ್ನಿನಲ್ಲಿ ಸಿಲ್ವರ್ ಬ್ರೋಮೈಡ್ ಬೆರೆಸಿ ಗಾಜಿಗೆ ಹಚ್ಚಿ ಒಣಗಿಸಿದ್ದು. ಇದಕ್ಕೂ ಮೊದಲು ಇದ್ದದ್ದು ವೆಟ್ ಪ್ಲೇಟ್. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಹುಯ್ದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಆರುವ ಮೊದಲೇ ಫೋಟೋ ತೆಗೆದು ಅಲ್ಲೇ ತೊಳೆಯಬೇಕಿತ್ತು. ಕತ್ತಲೆ ಡೇರೆ ಹೊತ್ತುಕೊಂಡೇ ತಿರುಗಬೇಕು. ಬ್ರಿಟಿಷ್ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 1875ರಲ್ಲಿ ಸಿಲೋನಿಗೆ (ಈಗಿನ ಶ್ರೀಲಂಕಾ) ಹೋಗಿ ನೆಲೆಸಿ, ಅಲ್ಲಿನ ಕೂಲಿಯಾಳುಗಳ ಫೋಟೋ ತೆಗೆದದ್ದು ಹೀಗೇ. ರಿಚರ್ಡ್ ಲೀಚ್ ಮ್ಯಾಡಕ್ಸ್ ಎಂಬ ಡಾಕ್ಟರು 1871ರಲ್ಲಿ ಜೆಲಟಿನ್ ಉಪಾಯ ಬರೆದು ಪ್ರಕಟಿಸಿದರು. ಆ ದಶಕ ಮುಗಿಯುವಷ್ಟರಲ್ಲಿ ಕಾರ್ಖಾನೆಗಳು ಡ್ರೈ ಪ್ಲೇಟು ಮಾಡಿ ಮಾರತೊಡಗಿದ್ದವು. ಇಲ್ಫರ್ಡ್ ಕಂಪನಿ ಶುರುವಾದದ್ದು 1879ರಲ್ಲಿ, ಇದೇ ವ್ಯಾಪಾರಕ್ಕೆ.

ಇದರಿಂದ ಆದದ್ದೇನು? ಕ್ಯಾಮರಾ ತೋಟದ ಬಂಗಲೆಗೇ ಬಂತು. ಊರೂರು ತಿರುಗುವ ಫೋಟೋಗ್ರಾಫರನ್ನು ಕಾಯಬೇಕಿಲ್ಲ. ಪ್ಲೇಟಿನ ಪೆಟ್ಟಿಗೆ ತರಿಸಿಕೊಂಡು ದೊರೆಯೋ, ದೊರೆಯ ನೆಂಟರೋ ತಾವೇ ತೆಗೆಯಬಹುದು. ಕೂಲಿ ಕೊಡುವವರೇ ಕ್ಯಾಮರಾದ ಹಿಂದೆ ನಿಂತರು. ಈ 31 ಪ್ಲೇಟು ನೋಡುವಾಗ ನಾನು ಇದನ್ನು ಒಂದು ಗಳಿಗೆಯೂ ಮರೆಯಲಿಲ್ಲ.

ಮೊದಲ ದಿನ ಬರೀ ನಂಬರ್ ಹಾಕಿದೆ. ಒಂದೊಂದನ್ನೂ ಮೊಬೈಲಿನಲ್ಲಿ ಹಿಂದೆ ಮುಂದೆ ತೆಗೆದು, ನೋಟ್‌ಬುಕ್ಕಿನಲ್ಲಿ ಸ್ಥಿತಿ ಬರೆದೆ. ಬೂಷ್ಟು ಎಲ್ಲಿ, ಬಿರುಕು ಎಲ್ಲಿ, ಪದರ ಎಲ್ಲಿ ಎದ್ದಿದೆ. ಈ ಕೆಲಸ ಬೇಸರ ಅನ್ನಿಸಿದರೂ ಬಿಡಬೇಡಿ. ಮುಂದೆ ನನ್ನನ್ನು ಕಾಪಾಡಿದ್ದು ಇದೇ.

ಎರಡನೇ ಭಾನುವಾರ: ನೀರಿನ ಪಾಠ

ಒಡೆದ ಪ್ಲೇಟೊಂದರಲ್ಲಿ ಚಿತ್ರವೇ ಇಲ್ಲದ ಒಂದು ಮೂಲೆಯ ಚೂರು ಇತ್ತು. ಬರೀ ಬಿಳಿ ಆಕಾಶದ ತುಣುಕು. ಅದರ ಮೇಲೆ ಬೂಷ್ಟು ಕಟ್ಟಿತ್ತು. ಹತ್ತಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಹಿಂಡಿ, ಮಂಕು ಮುಖದ ಮೇಲೆ ಮೆಲ್ಲಗೆ ಸವರಿದೆ. ಬೂಷ್ಟಿನ ಜೊತೆ ಪದರವೂ ಗಂಜಿಯ ಹಾಗೆ ಎದ್ದು ಬಂತು. ಕೆಳಗೆ ಬರೀ ಗಾಜು ಉಳಿಯಿತು.

ಬೂಷ್ಟಿಗೆ ಜೆಲಟಿನ್ನೇ ಊಟ. ಬೂಷ್ಟು ತಿಂದ ಜಾಗದಲ್ಲಿ ಜೆಲಟಿನ್ನು ತಣ್ಣೀರಿಗೂ ಕರಗುವಷ್ಟು ಬಲಹೀನವಾಗಿರುತ್ತದೆ. ಕೊಡಗಿನಂಥ ಮಳೆ ಊರಿನಲ್ಲಿ ಅಟ್ಟದ ಮೇಲೆ ನೂರು ಮಳೆಗಾಲ ಕಂಡ ಪ್ಲೇಟಿಗೆ ನೀರು ಮುಟ್ಟಿಸುವುದೆಂದರೆ ಚಿತ್ರವನ್ನೇ ಒರೆಸಿದ ಹಾಗೆ. ಆ ಚೂರಿನಲ್ಲಿ ಆಕಾಶ ಮಾತ್ರ ಇತ್ತು. ಮುಖ ಇದ್ದಿದ್ದರೆ? ಆ ದಿನ ಮತ್ತೇನೂ ಮುಟ್ಟದೆ ಎದ್ದುಬಿಟ್ಟೆ.

ಆಮೇಲೆ ನಾನು ಪಾಲಿಸಿದ ಕ್ರಮ ಇಷ್ಟೇ. ಮಂಕು ಮುಖಕ್ಕೆ ಗಾಳಿ ಊದುವ ರಬ್ಬರ್ ಬಲ್ಬು, ತೀರಾ ಮೆತ್ತನೆಯ ಬ್ರಶ್ಶು, ಅದೂ ಪದರ ಗಟ್ಟಿ ಇದ್ದ ಕಡೆ ಮಾತ್ರ. ಪದರ ಎದ್ದ ಕಡೆ ಉಸಿರು ಕೂಡ ತಾಗಿಸಬಾರದು. ಹೊಳೆಯುವ ಮುಖಕ್ಕೆ ಮಾತ್ರ ಮೈಕ್ರೋಫೈಬರ್ ಬಟ್ಟೆ, ಅದಕ್ಕೆ ನೀರು ಮತ್ತು ಆಲ್ಕೋಹಾಲ್ ಬೆರೆಸಿದ್ದು ಒಂದೆರಡು ಹನಿ. ಅಂಚಿನಿಂದ ಒಂದು ಬೆರಳಗಲ ಒಳಗೇ ನಿಲ್ಲಿಸಬೇಕು. ಇಲ್ಲದಿದ್ದರೆ ತೇವ ಅಂಚಿನಿಂದ ನುಸುಳಿ ಆ ಕಡೆ ಹೋಗುತ್ತದೆ.

ಅಂಚುಗಳಲ್ಲಿ ನೀಲಿ ಬೆಳ್ಳಿಯ ಹೊಳಪು ಕಾಣುತ್ತದೆ, ಕನ್ನಡಿಯ ಹಾಗೆ. ಚಿತ್ರದ ಬೆಳ್ಳಿ ತೇವಕ್ಕೆ ಕರಗಿ ಮೇಲೆ ಬಂದು ಮತ್ತೆ ಬೆಳ್ಳಿಯಾಗಿ ಕೂತದ್ದು ಅದು. ಅದನ್ನು ಉಜ್ಜಲಿಲ್ಲ. ಕೆಳಗಿನಿಂದ ಬೆಳಕು ಬಿಟ್ಟು ತೆಗೆದರೆ ಅದು ಅಷ್ಟಾಗಿ ಕಾಣುವುದೂ ಇಲ್ಲ.

ಬೆಳಕಿನ ಮೇಜು

ಸ್ಕ್ಯಾನರ್ ಗಾಜಿನ ಮೇಲೆ ಇಂಥ ಪ್ಲೇಟನ್ನು ಇಡಲು ನನಗೆ ಧೈರ್ಯ ಬರಲಿಲ್ಲ. ಕ್ಯಾಮರಾದಲ್ಲೇ ತೆಗೆಯೋಣ ಅಂದುಕೊಂಡೆ. 12 ಎಂಎಂ ಪ್ಲೈವುಡ್ಡಿನಲ್ಲಿ ಒಂದು ಪೆಟ್ಟಿಗೆ ಮಾಡಿ, ಒಳಗೆಲ್ಲ ಬಿಳಿ ಬಣ್ಣ ಹೊಡೆದೆ. ತಳಕ್ಕೆ ಎಲ್‌ಇಡಿ ಪ್ಯಾನೆಲ್. ಅದರ ಮೇಲೆ 10 ಸೆಂ.ಮೀ. ಬಿಟ್ಟು ಹಾಲುಬಿಳಿ ಅಕ್ರಿಲಿಕ್ ಶೀಟು. ಪ್ಲೇಟನ್ನು ನೇರವಾಗಿ ಅಕ್ರಿಲಿಕ್ ಮೇಲೆ ಇಡಲಿಲ್ಲ. ನಾಲ್ಕು ಮೂಲೆಗೆ ಮರದ ತುಂಡು ಕೊಟ್ಟು 4 ಸೆಂ.ಮೀ. ಎತ್ತರಿಸಿದೆ. ಹಾಗೆ ಮಾಡಿದರೆ ಅಕ್ರಿಲಿಕ್ಕಿನ ಧೂಳು, ಗೀರು ಫೋಕಸ್ಸಿಗೆ ಬರುವುದಿಲ್ಲ.

ಮೊದಲು ಮನೆಯ ಸೀಲಿಂಗಿಗೆ ಹಾಕುವ ಎಲ್‌ಇಡಿಯನ್ನೇ ಹಾಕಿದ್ದೆ. ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬಂತು. ಅದು ಕಣ್ಣಿಗೆ ಕಾಣದ ಹಾಗೆ ಮಿನುಗುತ್ತಿರುತ್ತದೆ. ವಿಡಿಯೋದವರು ಬಳಸುವ ಪ್ಯಾನೆಲ್ ಹಾಕಿದ ಮೇಲೆ ಸರಿಹೋಯಿತು.

ಕ್ಯಾಮರಾ ನಿಲ್ಲಿಸಲು ನನ್ನ ಹಳೆಯ ಎನ್‌ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟು ಹಾಕುವ ಯಂತ್ರ) ಕಂಬವೇ ಸಾಕಾಯಿತು. ತಲೆ ಬಿಚ್ಚಿ ಕ್ಯಾಮರಾ ಸಿಕ್ಕಿಸಿದೆ. ಇಪ್ಪತ್ತು ವರ್ಷದಿಂದ ಗೋಣಿಚೀಲದಲ್ಲಿ ಇದ್ದದ್ದು ಮತ್ತೆ ಕೆಲಸಕ್ಕೆ ಬಂತು, ತುಂಬಾ ಸಂತೋಷವಾಯಿತು. ಕ್ಯಾಮರಾ ಸಮವಾಗಿದೆಯಾ ನೋಡಲು ಪ್ಲೇಟಿನ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವಿಗೆ ಬಂದರೆ ಸಮ ಇದೆ ಅಂತ ಅರ್ಥ. ಪ್ಲೇಟಿನ ಸುತ್ತ ಕಪ್ಪು ರಟ್ಟು ಕತ್ತರಿಸಿ ಇಡುವುದನ್ನು ಮರೆಯಬೇಡಿ. ಸುತ್ತಲಿನ ಬೆಳಕು ಲೆನ್ಸಿಗೆ ಹೊಡೆದರೆ ಚಿತ್ರವೆಲ್ಲ ಮಸುಕಾಗುತ್ತದೆ.

ಮ್ಯಾಕ್ರೋ ಲೆನ್ಸು, ಎಫ್ 8, ಐಎಸ್‌ಒ 100, ರಾ ಫೈಲ್. 24 ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ ಇಡೀ ಪ್ಲೇಟನ್ನು ಒಂದೇ ಸಲ ತೆಗೆದರೆ ಇಂಚಿಗೆ 800 ಚುಕ್ಕಿಯಷ್ಟು ಸಿಗುತ್ತದೆ. ಗಾಜಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ವಿವರ ಇದೆ. ಮುಖ್ಯ ಅನ್ನಿಸಿದವನ್ನು ನಾಲ್ಕು ಭಾಗವಾಗಿ ತೆಗೆದು ಜೋಡಿಸಿದೆ.

ಫೆಬ್ರವರಿ: 17ನೇ ಪ್ಲೇಟು

ಬಹುಪಾಲು ಪ್ಲೇಟುಗಳಲ್ಲಿ ಬಂಗಲೆ, ಕುದುರೆ, ಹೊಸದಾಗಿ ಕಡಿದ ಕಾಡು, ಕಾಫಿ ಒಣಗಿಸುವ ಕಣ. ಆಳುಗಳು ದೂರದಲ್ಲಿ ಕಾಣುತ್ತಾರೆ, ಕಣ ಎಷ್ಟು ದೊಡ್ಡದು ಅಂತ ತೋರಿಸುವುದಕ್ಕೆ ನಿಲ್ಲಿಸಿದ ಹಾಗೆ. 17ನೆಯದು ಮಾತ್ರ ಬೇರೆ. ಅದರಲ್ಲಿ ಜನ ಹತ್ತಿರ ಇದ್ದಾರೆ. ಮೂರು ಚೂರಾಗಿತ್ತು.

ಈ ಪ್ಲೇಟಿನ ಒಂದು ಹಳೆಯ ಪ್ರಿಂಟು ಗೆಳೆಯನ ಮನೆಯ ಆಲ್ಬಮ್ಮಿನಲ್ಲೂ ಇದೆ. ಕೆಳಗೆ ಇಂಗ್ಲಿಷಿನಲ್ಲಿ 'ಕಾಫಿ ಕೊಯ್ಲು' ಅಂತ ಪೆನ್ಸಿಲಿನಲ್ಲಿ ಬರೆದಿದೆ. ಬಲಗಡೆ ಬಿಳಿ ಕೋಟಿನ ದೊರೆ. ಕೋಟಿನ ಗುಂಡಿ ಕೂಡ ಎಣಿಸಬಹುದು. ಎಡಗಡೆ ನೆಲದ ಮೇಲೆ ಕೂತ ಹೆಂಗಸರ ಸಾಲು, ಹಿಂದೆ ನಿಂತ ಗಂಡಸರು. ಅವರ ಮುಖಗಳು ಮಾತ್ರ ಕಪ್ಪು ಮಚ್ಚೆ. ಕಣ್ಣಿಲ್ಲ, ಮೂಗಿಲ್ಲ.

ಇದಕ್ಕೆ ಕಾರಣ ಪ್ಲೇಟಿನ ಗುಣ. ಆ ಕಾಲದ ಸಾಧಾರಣ ಪ್ಲೇಟಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಕಂದು ಮೈಬಣ್ಣದಿಂದ ಬರುವ ಬೆಳಕಿನಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ಹಾಗಾಗಿ ನಮ್ಮ ಜನ ಇದ್ದುದಕ್ಕಿಂತ ತುಂಬಾ ಕಪ್ಪಾಗಿ ಬಂದರು. ಅದರ ಮೇಲೆ, ಪ್ರಿಂಟು ಹಾಕಿದವರು ಬಿಳಿ ಕೋಟಿಗೆ ಹೊಂದಿಸಿಕೊಂಡು ಹಾಕಿದ್ದಾರೆ. ಕೋಟು ಸರಿಯಾಯಿತು, ಮುಖಗಳು ಮುಳುಗಿದವು.

ಆದರೆ ಗಾಜಿನಲ್ಲಿ ಅವು ಮುಳುಗಿರಲಿಲ್ಲ.

ಪ್ರಿಂಟಿನಲ್ಲಿ ಕಪ್ಪಾಗಿ ಬರುವ ಜಾಗ ಅಂದರೆ ನೆಗೆಟಿವ್‌ನಲ್ಲಿ ತೆಳು ಜಾಗ. ಹೆಚ್ಚುಕಡಿಮೆ ಬರೀ ಗಾಜಿನ ಹಾಗೆ ಕಾಣುತ್ತದೆ. ಆ ತೆಳುವಿನಲ್ಲೇ ಮುಖದ ಏರಿಳಿತಗಳು ತುಂಬಾ ಸಣ್ಣ ವ್ಯತ್ಯಾಸವಾಗಿ ಕೂತಿರುತ್ತವೆ. ಬೆಳಕಿನ ಮೇಜಿನ ಮೇಲೆ ಈ ಜಾಗದಿಂದಲೇ ಅತಿ ಜಾಸ್ತಿ ಬೆಳಕು ಬರುತ್ತದೆ. ಇಡೀ ಪ್ಲೇಟಿಗೆ ಸರಿ ಅನ್ನಿಸುವ ಎಕ್ಸ್‌ಪೋಷರ್ ಕೊಟ್ಟರೆ ಇಲ್ಲಿ ಎಲ್ಲ ಬಿಳಿಯಾಗಿ ಸುಟ್ಟು ಹೋಗುತ್ತದೆ. ನಾನು ಎರಡು ಬೇರೆ ಬೇರೆ ತೆಗೆದೆ. ಒಂದು, ದೊರೆಯ ಕೋಟಿಗೆ. ಇನ್ನೊಂದು, ಅದಕ್ಕಿಂತ ಎರಡು ಸ್ಟಾಪ್ ಕಡಿಮೆ (ಅಂದರೆ ಕಾಲುಭಾಗ ಬೆಳಕು), ಹೆಂಗಸರಿಗೆ. ಕಂಪ್ಯೂಟರಿನಲ್ಲಿ ಎರಡನೆಯದನ್ನು ನೆಗೆಟಿವ್‌ನಿಂದ ಪಾಸಿಟಿವ್ ಆಗಿ ತಿರುಗಿಸಿ, ಬೆಳಕು ನೆರಳು ಹೊಂದಿಸುವ ಕರ್ವಿನ ಆ ಒಂದು ತುದಿಯನ್ನಷ್ಟೇ ಕಡಿದಾಗಿ ಎಳೆದೆ.

ರಾತ್ರಿ ಹತ್ತು ಗಂಟೆ ಇರಬಹುದು. ಮೊದಲು ಒಂದು ಮೂಗುತಿ ಮಿನುಗಿತು. ಆಮೇಲೆ ಕೆನ್ನೆ. ಆಮೇಲೆ ಕಣ್ಣು, ನೇರವಾಗಿ ಲೆನ್ಸನ್ನೇ ನೋಡುವ ಕಣ್ಣು. ಒಬ್ಬೊಬ್ಬರಾಗಿ ಹನ್ನೊಂದು ಹೆಂಗಸರು ಬಂದರು. ಹೆಂಡತಿಯನ್ನು ಕರೆದು ತೋರಿಸಿದೆ. ಇಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ.

ಮುಂದಿನ ವಾರ: ಚೂರು ಜೋಡಿಸಿದ್ದು

ಒಡೆದ ಗಾಜಿಗೆ ಸೆಲ್ಲೋಟೇಪು, ಗೋಂದು ಏನೂ ಬೇಡ. ಚೂರುಗಳನ್ನು ಒಂದಕ್ಕೊಂದು ಒತ್ತಿ ಕೂಡಿಸಲೂಬಾರದು. ಅಂಚು ಉಜ್ಜಿ ಮತ್ತಷ್ಟು ಪದರ ಉದುರುತ್ತದೆ. ಸ್ವಚ್ಛ ಗಾಜಿನ ಮೇಲೆ ಕೂದಲೆಳೆಯಷ್ಟು ಸಂದು ಬಿಟ್ಟು ಇಟ್ಟೆ. ಹಾಗೇ ಫೋಟೋ ತೆಗೆದು, ಚೂರುಗಳನ್ನು ಕಂಪ್ಯೂಟರಿನಲ್ಲಿ ಸರಿಸಿ ಸೇರಿಸಿದೆ. ಬಿರುಕಿನ ಗೆರೆ, ಬೂಷ್ಟಿನ ಚುಕ್ಕಿ, ಪದರ ಹೋದ ಜಾಗ, ಇವನ್ನು ಬೇರೆ ಲೇಯರಿನಲ್ಲಿ ತುಂಬಿದೆ. ಮೂಲ ಫೈಲು ಹಾಗೇ ಇರುತ್ತದೆ.

ಬಿರುಕೊಂದು ಸಾಲಿನ ನಾಲ್ಕನೇ ಹೆಂಗಸಿನ ಮೊಣಕೈ ಹತ್ತಿರ ಹಾದುಹೋಗಿತ್ತು. ಅದಕ್ಕೆ ಅಂಟಿಕೊಂಡ ಹಾಗೆ, ಅವಳ ಬಲಗೈ ಇರಬೇಕಾದ ಜಾಗದಲ್ಲಿ ಒಂದು ಮಸುಕು. ಹೊಗೆಯ ಹಾಗೆ. ಪದರ ಎದ್ದು ಹಾಳಾಗಿದೆ ಅಂದುಕೊಂಡೆ. ಪಕ್ಕದವಳ ಕೈ ನೋಡಿಕೊಂಡು, ಬೆರಳು ಬೆರಳಾಗಿ ಅವಳಿಗೊಂದು ಕೈ ಮಾಡಿಕೊಟ್ಟೆ. ಎರಡು ಸಂಜೆ ಕೂತು ಮಾಡಿದ ಕೆಲಸ. ಚೆನ್ನಾಗಿ ಬಂತು ಅನ್ನಿಸಿತು. 12 ಇಂಚಿನ ಪ್ರಿಂಟು ಹಾಕಿಸಿದೆ. ಮೊದಲಿನದು ಹೇಗಿತ್ತು ಅಂತ ತೋರಿಸಲು ರಿಪೇರಿ ಮಾಡದ್ದನ್ನೂ ಒಂದು ಹಾಕಿಸಿದೆ.

ಅಜ್ಜಿ ನೋಡಿದ್ದು

ಗೆಳೆಯನ ತೋಟದ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಒಬ್ಬರು ಅಜ್ಜಿ ಇದ್ದಾರೆ. ಅವರ ಹಿರಿಯರು ಪುತ್ತೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಅಜ್ಜಿ ಇದೇ ತೋಟದಲ್ಲಿ ನಲವತ್ತು ವರ್ಷ ಹಣ್ಣು ಕೊಯ್ದಿದ್ದಾರೆ. ಜಗಲಿಯಲ್ಲಿ ಕೂತು ಪ್ರಿಂಟನ್ನು ಬಿಸಿಲಿಗೆ ಹಿಡಿದು ನೋಡಿದರು.

"ಇದು ಕೊಯ್ಯುವುದಲ್ಲ ಮಗಾ. ಕೊಯ್ದು ಆಗಿದೆ. ಇದು ಅಳತೆಯ ಹೊತ್ತು."

"ಹೇಗೆ ಗೊತ್ತಾಯ್ತು ಅಜ್ಜಿ?"

"ಗಿಡದ ಹತ್ತಿರ ಯಾರಿದ್ದಾರೆ? ಎಲ್ಲರೂ ಕೂತಿದ್ದಾರಲ್ಲ. ಎದುರು ದೊಡ್ಡ ರಾಶಿ ಉಂಟು, ಪಕ್ಕದಲ್ಲಿ ಸಣ್ಣ ಗುಪ್ಪೆ ಉಂಟು. ಸಣ್ಣದು ಹಸಿಕಾಯಿ. ಅದನ್ನು ಹೆಕ್ಕಿ ಬೇರೆ ಮಾಡದೆ ರೈಟರು ಅಳೆಯುವುದಿಲ್ಲ."

ರೈಟರು ಅಂದರೆ ತೋಟದ ಲೆಕ್ಕ ಬರೆಯುವವನು. ನಾನು ದಂಗಾದೆ. ಆ ಪ್ಲೇಟಿಗೆ ಕೆಂಪು ಹಣ್ಣೂ ಒಂದೇ, ಹಸಿರು ಕಾಯಿಯೂ ಒಂದೇ, ಎರಡೂ ಕಪ್ಪು. ಬಣ್ಣ ಇಲ್ಲದಿದ್ದರೂ ಅಜ್ಜಿ ರಾಶಿಯ ಗಾತ್ರ ನೋಡಿಯೇ ಹೇಳಿದರು.

ಹಿಂದೆ ನಿಂತ ಗಂಡಸರ ತಲೆಯ ಮೇಲೆ ಬೆರಳಿಟ್ಟರು. "ಮುಟ್ಟಾಳೆ ಇಟ್ಟಿದ್ದಾರೆ ನೋಡು. ಇವರು ನಮ್ಮ ಕಡೆಯವರು." ಮುಟ್ಟಾಳೆ ಅಂದರೆ ಅಡಿಕೆ ಹಾಳೆಯ ಟೊಪ್ಪಿ. ಘಟ್ಟದ ಕೆಳಗಿನವರ ಗುರುತು. ನಾನು ಅದನ್ನು ಏನೋ ರುಮಾಲು ಅಂದುಕೊಂಡಿದ್ದೆ.

ಆಮೇಲೆ ನಾಲ್ಕನೇ ಹೆಂಗಸಿನ ಹತ್ತಿರ ಬಂದು ನಿಂತರು. ನಾನು ಮಾಡಿಕೊಟ್ಟ ಕೈಯನ್ನು ನೋಡಿದರು. ರಿಪೇರಿ ಮಾಡದ ಪ್ರಿಂಟನ್ನು ಎತ್ತಿಕೊಂಡು ಅದನ್ನೂ ನೋಡಿದರು.

"ಇದರಲ್ಲಿ ಸರಿ ಇತ್ತಲ್ಲ. ಅವಳು ಹೆಕ್ಕುತ್ತಾ ಇದ್ದಾಳೆ. ಅವಳದು ಇನ್ನೂ ಮುಗಿದಿಲ್ಲ. ಕತ್ತಲಾದರೆ ಕಾಯಿ ಯಾವುದು ಹಣ್ಣು ಯಾವುದು ಕಾಣುವುದಿಲ್ಲ ಮಗಾ. ಯಾರು ಹೇಳಿದರೂ ಕೈ ನಿಲ್ಲಿಸಲಿಕ್ಕೆ ಆಗುವುದಿಲ್ಲ."

ಮನೆಗೆ ಬಂದವನೇ 17ನೇ ಪ್ಲೇಟಿನ ಆ ಚೂರನ್ನು ಹೊರಗೆ ತೆಗೆದೆ. ಟಾರ್ಚನ್ನು ಪಕ್ಕದಿಂದ, ನೆಲಕ್ಕೆ ಒರಗಿಸಿದ ಹಾಗೆ ಹಿಡಿದು, ಲೂಪಿನಲ್ಲಿ (ಸಣ್ಣ ಭೂತಗನ್ನಡಿ) ನೋಡಿದೆ. ಪದರ ಎದ್ದಿದ್ದರೆ ಅದರ ಅಂಚಿಗೆ ನೆರಳು ಬೀಳಬೇಕು. ನೆರಳು ಇರಲಿಲ್ಲ. ಪದರ ನುಣ್ಣಗೆ, ಗಟ್ಟಿಯಾಗಿತ್ತು. ಮೊದಲ ಭಾನುವಾರದ ನೋಟ್‌ಬುಕ್ ತೆರೆದೆ. '17: ಮೂರು ಚೂರು, ಪದರ ಗಟ್ಟಿ' ಅಂತ ನನ್ನ ಕೈಬರಹದಲ್ಲೇ ಇತ್ತು. ಅದು ಹಾನಿಯಲ್ಲ, ಅಲುಗಾಟ. ಸಂಜೆ ಬೆಳಕು, ನಿಧಾನದ ಪ್ಲೇಟು, ಶಟರ್ ತೆರೆದೇ ಇದ್ದ ಹೊತ್ತು. ಹತ್ತು ಹೆಂಗಸರು ಅಲುಗದೆ ಕೂತಿದ್ದಾರೆ. ಒಬ್ಬಳ ಕೈ ಮಾತ್ರ ರಾಶಿಗೂ ಗುಪ್ಪೆಗೂ ನಡುವೆ ಓಡಾಡಿದೆ. ಲೂಪಿನಲ್ಲಿ ನೋಡಿದರೆ ಎರಡು ಕಡೆ ಬೆರಳಿನ ತೆಳು ಗುರುತು ಕಾಣುತ್ತದೆ, ರಾಶಿಯ ಮೇಲೊಮ್ಮೆ, ಗುಪ್ಪೆಯ ಮೇಲೊಮ್ಮೆ.

31 ಪ್ಲೇಟಿನಲ್ಲಿ ಕೆಲಸ ನಡೆಯುತ್ತಿರುವುದು ಕಾಣುವುದು ಇದೊಂದೇ ಕಡೆ. ಉಳಿದದ್ದೆಲ್ಲ ಕೆಲಸ ನಿಲ್ಲಿಸಿ ತೆಗೆದದ್ದು. ಅದನ್ನೇ ನಾನು ಅಳಿಸಿದ್ದೆ.

ಮುಂಗಡದ ಲೆಕ್ಕ

ಆ ಕೈ ಯಾಕೆ ನಿಲ್ಲಲಿಲ್ಲ ಅಂತ ತಿಳಿಯಲು ಕೂಲಿಯ ಕ್ರಮ ಗೊತ್ತಿರಬೇಕು. ಕೊಡಗು 1834ರಲ್ಲಿ ಕಂಪನಿಯ ಕೈಗೆ ಹೋಯಿತು. 1850ರ ದಶಕದಿಂದ ಇಲ್ಲಿ ಬಿಳಿಯರ ಕಾಫಿ ತೋಟಗಳು ಎದ್ದವು. ಇಲ್ಲಿನ ಬುಡಕಟ್ಟಿನವರಾದ ಎರವರು, ಕುರುಬರ ಜೊತೆಗೆ ದಕ್ಷಿಣ ಕನ್ನಡದಿಂದ, ಮೈಸೂರು ಸೀಮೆಯಿಂದ, ಮಲಬಾರಿನಿಂದ ಆಳುಗಳನ್ನು ತರಿಸಿದರು. ತರುತ್ತಿದ್ದವನು ಮೇಸ್ತ್ರಿ. ಊರಿನಲ್ಲೇ ಮುಂಗಡ ಕೊಟ್ಟು ಕರೆತರುತ್ತಿದ್ದ. ಆ ಮುಂಗಡ ದುಡಿದು ತೀರಬೇಕು. 1859ರ 13ನೇ ಕಾಯ್ದೆಯ ಪ್ರಕಾರ ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟರೆ ಅದು ಬರೀ ಸಾಲವಲ್ಲ, ಅಪರಾಧ. ಮ್ಯಾಜಿಸ್ಟ್ರೇಟ್ ಮೂರು ತಿಂಗಳವರೆಗೆ ಜೈಲಿಗೆ ಕಳಿಸಬಹುದಿತ್ತು. ಅದನ್ನು ತೆಗೆದುಹಾಕುವ ಕಾನೂನು ಬಂದದ್ದು 1925ರಲ್ಲಿ. ಹೀಗೆ ದುಡಿಯುವವರಿಗೆ ದಿನದ ಅಳತೆ ಅಂದರೆ ಸಣ್ಣ ವಿಷಯವಲ್ಲ. ಮುಂಗಡ ಎಷ್ಟು ತೀರಿತು, ಊರಿಗೆ ಯಾವಾಗ ಹೋಗುವುದು, ಎಲ್ಲವೂ ಆ ರಾಶಿಯಲ್ಲಿತ್ತು. ಕ್ಯಾಮರಾ ಎದುರಿಗಿದೆ ಅಂತ ಅವಳು ಅದನ್ನು ಬಿಡಲಿಲ್ಲ.

ಮಾರ್ಚ್, ಏಪ್ರಿಲ್

ನಾನು ಬಿಡಿಸಿದ ಕೈಯ ಲೇಯರನ್ನು ತೆಗೆದುಹಾಕಿದೆ. ಆಮೇಲೆ ಆವರೆಗೆ ಮಾಡಿದ್ದ ಎಲ್ಲ ಫೈಲುಗಳನ್ನೂ ಮತ್ತೆ ತೆರೆದು, ಒಂದೊಂದು ತೇಪೆಯನ್ನೂ ಗಾಜಿನ ಜೊತೆ ಹೋಲಿಸಿ ನೋಡಿದೆ. ಗಾಜಿನಲ್ಲಿ ಹಾನಿ ಕಂಡರೆ ಮಾತ್ರ ತೇಪೆ ಉಳಿಯಿತು. ಇಲ್ಲದಿದ್ದರೆ ತೆಗೆದೆ. ಹೀಗೆ ಇನ್ನೂ ಎರಡು ಕಡೆ ತಪ್ಪು ಸಿಕ್ಕಿತು. ಒಂದು ಕಡೆ ಕಣದ ಹೊಗೆ, ಇನ್ನೊಂದು ಕಡೆ ಓಡುವ ಮಗು.

ಗೆಳೆಯನ ಮಗ ಮುಖಗಳನ್ನು ಎಐ ಆ್ಯಪಿಗೆ ಹಾಕಿ ಚೊಕ್ಕ ಮಾಡಿ, ಬಣ್ಣ ಹಾಕೋಣ ಅಂದ. ಆಸೆಯಿಂದಲೇ ಹೇಳಿದ. ನಾನು ಬೇಡ ಅಂದೆ. ಆ ಆ್ಯಪು ಇಲ್ಲದ ಕಣ್ಣುರೆಪ್ಪೆ ಹುಟ್ಟಿಸುತ್ತದೆ, ಸೀರೆಗೆ ತನಗೆ ತೋಚಿದ ಬಣ್ಣ ಬಳಿಯುತ್ತದೆ. ನೂರು ವರ್ಷ ಕಪ್ಪು ಮಚ್ಚೆಯಾಗಿ ಇದ್ದವರ ನಿಜವಾದ ಮುಖ ಈಗ ಸಿಕ್ಕಿದೆ. ಅದರ ಮೇಲೆ ಬೇರೆ ಯಾರದೋ ಮುಖ ಕೂರಿಸುವುದು ನನಗೆ ಆಗದ ಕೆಲಸ.

ಮೇ: ಮಳೆಗೆ ಮೊದಲು

ಪ್ರತಿ ಪ್ಲೇಟಿಗೂ ಆಮ್ಲವಿಲ್ಲದ ಕಾಗದದಲ್ಲಿ ನಾಲ್ಕು ಮಡಿಕೆಯ ಲಕೋಟೆ ಮಾಡಿದೆ. ಅಂಟು ಹಾಕಿಲ್ಲ, ಬರೀ ಮಡಿಚಿದ್ದು. ನಂಬರನ್ನು ಪೆನ್ಸಿಲಿನಲ್ಲಿ, ಪ್ಲೇಟು ಒಳಗೆ ಹಾಕುವ ಮೊದಲೇ ಬರೆದೆ. ಇಡಿ ಪ್ಲೇಟುಗಳು ಉದ್ದ ಅಂಚಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಒಡೆದವನ್ನು ರಟ್ಟಿನ ತಗ್ಗು ಮಾಡಿ ಮಲಗಿಸಿದ್ದೇನೆ. ಚೂರುಗಳ ನಡುವೆ ಸಣ್ಣ ರಟ್ಟಿನ ಪಟ್ಟಿ ಇದೆ. ಹಳೆಯ ಮರದ ಪೆಟ್ಟಿಗೆಯನ್ನು ಖಾಲಿಯಾಗಿ ಬೇರೆ ಇಟ್ಟೆ. ಮರದಿಂದ ಬರುವ ಆವಿಯೂ ಬೆಳ್ಳಿಗೆ ಒಳ್ಳೆಯದಲ್ಲ. ಈಗ ಎಲ್ಲವೂ ಗೆಳೆಯನ ಬಂಗಲೆಯ ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿವೆ. ಜೊತೆಗೆ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಮೀಟರು. ಮೀಟರು 50ರ ಮೇಲೆ ಹೋದರೆ ಜೆಲ್ ಬಿಸಿ ಮಾಡಿ ಮತ್ತೆ ಇಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ನೋಡುವುದು ಅವನ ಮಗನ ಜವಾಬ್ದಾರಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾನೆ.

ಪಟ್ಟಿಯಲ್ಲಿ 17ರ ಎದುರು 'ಕಾಫಿ ಕೊಯ್ಲು' ಅಂತ ಬರೆದಿದ್ದೆ. ಅದನ್ನು ಹೊಡೆದು, 'ಅಳತೆಗೆ ಮೊದಲು ಹಸಿಕಾಯಿ ಹೆಕ್ಕುತ್ತಿರುವ ಹೆಂಗಸರು, ಹಿಂದೆ ಮುಟ್ಟಾಳೆ ಇಟ್ಟ ಗಂಡಸರು' ಅಂತ ಬರೆದೆ. ಯಾರು ಹೇಳಿದ್ದು ಅಂತ ಅಜ್ಜಿಯ ಹೆಸರನ್ನೂ ಅವರನ್ನು ಕೇಳಿಯೇ ಪಕ್ಕಕ್ಕೆ ಸೇರಿಸಿದೆ. ಕಣದ ಪ್ಲೇಟುಗಳು ಇನ್ನೂ ಎಂಟು ಇವೆ. ಅವುಗಳ ದೊಡ್ಡ ಪ್ರಿಂಟು ತೆಗೆದುಕೊಂಡು ಮುಂದಿನ ಭಾನುವಾರ ಮತ್ತೆ ಜಗಲಿಗೆ ಹೋಗುತ್ತೇನೆ. ಕನ್ನಡಕ ಹುಡುಕಿ ಇಟ್ಟಿರುತ್ತೇನೆ ಅಂತ ಅಜ್ಜಿ ಹೇಳಿದ್ದಾರೆ.